ಕೆಂಪು ಕಾಣದ ಕಣ್ಣು: ಅಜಂತೆಯ ಚಿತ್ರಗಳೂ ಹಳೆಯ ಛಾಯಾಫಲಕಗಳೂ

ನಾಸಿಕದಲ್ಲಿರುವ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಅಜ್ಜಿಯ ಒಂದು ಭಾವಚಿತ್ರವಿದೆ. ತಂದೆಯವರು ನೌಕರಿಯ ನಿಮಿತ್ತ ಧಾರವಾಡದ ಕಡೆಯಿಂದ ಈ ಊರಿಗೆ ಬಂದಾಗ ಟ್ರಂಕಿನ ತಳದಲ್ಲಿಟ್ಟು ತಂದದ್ದು. ಅಜ್ಜಿಯ ಮದುವೆಯಾದ ಹೊಸತರಲ್ಲಿ, ಅಂದರೆ ಈಗ್ಗೆ ಸುಮಾರು ತೊಂಬತ್ತು ವರ್ಷಗಳ ಹಿಂದೆ, ತೆಗೆಸಿದ್ದೆಂದು ಹೇಳುವರು. ಅದರಲ್ಲಿ ಅಜ್ಜಿಯ ಹಣೆಯ ಕುಂಕುಮವು ಕಾಡಿಗೆಯಷ್ಟು ಕಪ್ಪು. ಉಟ್ಟ ಸೀರೆಯೂ ಅಷ್ಟೇ ಕಪ್ಪು. ಆ ಸೀರೆ ಚಂದ್ರಗಾಳಿಯೆಂದು ನನ್ನ ಸೋದರತ್ತೆಯೂ, ಅಲ್ಲ, ಧಾರೆಯ ಕೆಂಪು ಸೀರೆಯೆಂದು ದೊಡ್ಡಪ್ಪನವರೂ ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಚಿಕ್ಕಂದಿನಲ್ಲಿ ನನಗೆ ಸೀರೆಗಿಂತ ಕುಂಕುಮದ್ದೇ ಸೋಜಿಗ. ಮುತ್ತೈದೆಯೊಬ್ಬಳು ಕಪ್ಪು ಬೊಟ್ಟಿಟ್ಟು ಚಿತ್ರ ತೆಗೆಸಿಕೊಂಡಾಳೆಯೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ, ಅದೂ ಅಜಂತೆಯ ಮೊದಲನೆಯ ಗುಹೆಯ ಒಂದು ಚಿತ್ರವನ್ನು ಕುರಿತು ಓದುತ್ತಿದ್ದಾಗ. ನಾವು ಕನ್ನಡಿಗರು ಅದನ್ನು ಪುಲಕೇಶಿಯ ಚಿತ್ರವೆಂದು ಎದೆಗಪ್ಪಿಕೊಂಡವರು. ನಾಸಿಕಕ್ಕೂ ೨೦೨೩ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುತ್ತಿರುವ ಔರಂಗಾಬಾದಿಗೂ ಬಂದು ನೆಲೆಸಿದ ನಮ್ಮವರಿಗೆ ಈ ನೆಲ ಪರದೇಶವೆಂದು ಅನ್ನಿಸದಿರಲು ಆ ಚಿತ್ರವೂ ಒಂದು ಕಾರಣ. ಆದುದರಿಂದ ಅಜ್ಜಿಯ ಕುಂಕುಮವನ್ನೂ ಪುಲಕೇಶಿಯ ಆಸ್ಥಾನವನ್ನೂ ಒಂದೇ ಲೇಖನದಲ್ಲಿ ತಂದುದಕ್ಕೆ ವಾಚಕರು ಬೇಸರಪಡಲಾರರೆಂದು ನಂಬಿದ್ದೇನೆ.

ಛಾಯಾಚಿತ್ರಣವು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅಂದಿನಿಂದ ಮುಂದಿನ ಮೂವತ್ತು ನಾಲ್ವತ್ತು ವರ್ಷಗಳ ಕಾಲ ಅದರ ಕಣ್ಣು ಮನುಷ್ಯನ ಕಣ್ಣಿನಂತಿರಲಿಲ್ಲ. ಬೆಳ್ಳಿಯ ಲವಣಗಳು ತಮ್ಮಷ್ಟಕ್ಕೆ ತಾವು ನೇರಿಳೆ, ನೀಲಿ ಮತ್ತು ಅವುಗಳಾಚೆಯ ಅಗೋಚರ ಕಿರಣಗಳಿಗೆ ಮಾತ್ರ ಮಿಡಿಯುತ್ತವೆ; ಹಳದಿಯನ್ನು ಕಾಣುವುದು ಅತ್ಯಲ್ಪ, ಕೆಂಪನ್ನಂತೂ ಕಾಣುವುದೇ ಇಲ್ಲ. ಕಾಣದಿದ್ದುದು ನೆಗೆಟಿವ್ ಫಲಕದ ಮೇಲೆ ಬೆಳಕಿಲ್ಲದ ಜಾಗವಾಗಿ ಉಳಿದು ಅಚ್ಚಿನಲ್ಲಿ ಕಪ್ಪಾಗಿ ಮೂಡುತ್ತದೆ. ನೀಲ ಆಕಾಶವು ಬರಿಯ ಬಿಳಿ ಹಾಳೆಯಾಗುತ್ತದೆ. ೧೮೫೧ರಲ್ಲಿ ಆರ್ಚರನೆಂಬ ಆಂಗ್ಲ ಶಿಲ್ಪಿಯು ಬಳಕೆಗೆ ತಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೆ ಅಂಟುದ್ರವ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಆರುವುದಕ್ಕೆ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ತೊಳೆಯಬೇಕಾಗಿತ್ತು. ೧೮೭೧ರಲ್ಲಿ ಮ್ಯಾಡಾಕ್ಸನ ಜೆಲಟಿನ್ ಫಲಕದಿಂದ ಈ ಒದ್ದೆಯ ಕಾಟ ತಪ್ಪುವ ದಾರಿ ತೆರೆಯಿತೇ ಹೊರತು ಕುರುಡು ತಪ್ಪಲಿಲ್ಲ. ೧೮೭೩ರಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕ ಫೋಗೆಲನು ಲೇಪಕ್ಕೆ ಬಣ್ಣವನ್ನು ಬೆರೆಸಿದರೆ ಅದು ಹಸಿರು ಹಳದಿಗಳನ್ನೂ ಕಾಣಬಲ್ಲುದೆಂದು ತೋರಿಸಿಕೊಟ್ಟನು. ಅದರಿಂದ ಹುಟ್ಟಿದ್ದು ಆರ್ಥೊಕ್ರೊಮ್ಯಾಟಿಕ್ ಫಲಕ. ಅದಕ್ಕೂ ಕೆಂಪು ಕಾಣದು. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಲಕವು ಇಂಗ್ಲೆಂಡಿನ ರ‍್ಯಾಟನ್ ಮತ್ತು ವೇನ್‌ರೈಟ್ ಸಂಸ್ಥೆಯಿಂದ ಮಾರುಕಟ್ಟೆಗೆ ಬಂದದ್ದು ೧೯೦೬ರಲ್ಲಿ.

ಬಂದೊಡನೆ ಎಲ್ಲರೂ ಅದನ್ನು ಕೊಂಡರೆಂದೇನೂ ಅಲ್ಲ. ಕೆಂಪಿಗೆ ಕುರುಡಾದ ಫಲಕದಲ್ಲಿ ಒಂದು ದೊಡ್ಡ ಅನುಕೂಲವಿತ್ತು: ಕೆಂಪು ದೀಪದ ಬೆಳಕಿನಲ್ಲಿ ಕಣ್ಣಿಂದ ನೋಡುತ್ತಲೇ ಅದನ್ನು ತೊಳೆಯಬಹುದಾಗಿತ್ತು. ಪ್ಯಾಂಕ್ರೊಮ್ಯಾಟಿಕ್ಕಿಗೆ ಗಾಢಾಂಧಕಾರವೇ ಬೇಕು. ಹೀಗಾಗಿ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಹಳೆಯ ಫಲಕವೇ ಬಹುಕಾಲ ನಡೆಯಿತು. ನನ್ನ ಅಜ್ಜಿಯ ಕುಂಕುಮ ಕಪ್ಪಾದದ್ದು ಇಲ್ಲಿ.

ಈ ಕುರುಡು ಫಿಲ್ಮಿನೊಡನೆ ಹೆಣಗಿದವರಲ್ಲಿ ನಾಸಿಕದವರೇ ಒಬ್ಬರಿದ್ದಾರೆ. ೧೮೭೦ರಲ್ಲಿ ತ್ರ್ಯಂಬಕೇಶ್ವರದಲ್ಲಿ ಜನಿಸಿದ ಧುಂಡಿರಾಜ ಗೋವಿಂದ ಫಾಲ್ಕೆಯವರನ್ನು ಚಲಚ್ಚಿತ್ರದ ಜನಕರೆಂದು ಎಲ್ಲರೂ ಬಲ್ಲರು. ಅದಕ್ಕೆ ಮುಂಚೆ ಅವರು ಛಾಯಾಚಿತ್ರಕಾರರಾಗಿಯೂ ಅಚ್ಚಿನ ಬ್ಲಾಕು ಮಾಡುವವರಾಗಿಯೂ ದುಡಿದಿದ್ದರು, ಪುರಾತತ್ತ್ವ ಇಲಾಖೆಯಲ್ಲಿ ಕೆಲಕಾಲ ನೌಕರಿ ಮಾಡಿದ್ದರು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ೧೯೧೨ರಲ್ಲಿ ವಿಮೆಯ ಪತ್ರಗಳನ್ನು ಅಡವಿಟ್ಟು ಲಂಡನ್ನಿಗೆ ಹೋಗಿ ಅವರು ವಿಲಿಯಮ್ಸನ್ ಕ್ಯಾಮರಾ ಒಂದನ್ನು ಕೊಂಡು ತಂದರು. ಆಗ ಕಚ್ಚಾ ಫಿಲ್ಮು ಅಂಚಿನ ರಂಧ್ರಗಳಿಲ್ಲದೆ ಬರುತ್ತಿತ್ತು. ಕತ್ತಲೆಯಲ್ಲಿ ಕುಳಿತು ರಂಧ್ರ ಕೊರೆಯುವ ಕೆಲಸದಲ್ಲಿ ಪತ್ನಿ ಸರಸ್ವತಿಬಾಯಿಯವರು ನೆರವಾದರು. ಮೊದಲ ಪ್ರಯೋಗ ಬಟಾಣಿಯ ಗಿಡ: ಕುಂಡದಲ್ಲಿ ಬೀಜ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನವೂ ಇಷ್ಟಿಷ್ಟಾಗಿ ತೆಗೆದು, ಗಿಡವು ಕಣ್ಣೆದುರಿಗೇ ಏಳುವಂತೆ ತೋರಿಸಿದರು. ಅದನ್ನು ಕಂಡು ಹಣವಂತರು ಸಾಲ ಕೊಟ್ಟರು. ಇಷ್ಟು ವರ್ಷ ಬ್ಯಾಂಕಿನ ಸಾಲವಿಭಾಗದಲ್ಲಿ ಕುಳಿತ ನನಗೆ ಹೊಲ ತೋರಿಸಿದವರೂ ಮನೆ ತೋರಿಸಿದವರೂ ಸಿಕ್ಕಿದ್ದಾರೆ. ಕುಂಡದೊಳಗಿನ ಬಟಾಣಿಯನ್ನು ತೋರಿಸಿ ಸಾಲ ಪಡೆದವರು ಇವರೊಬ್ಬರೇ ಇರಬೇಕು.

ಅವರ ‘ರಾಜಾ ಹರಿಶ್ಚಂದ್ರ’ವು ೧೯೧೩ರ ಮೇ ೩ರಂದು ಮುಂಬಯಿಯಲ್ಲಿ ತೆರೆಕಂಡಿತು. ಅದೇ ವರ್ಷ ಅವರು ನಾಸಿಕಕ್ಕೆ ಬಂದು ಮುಂದಿನ ಚಿತ್ರಗಳನ್ನು ಇಲ್ಲಿಯೇ ತೆಗೆದರು. ೧೯೪೪ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಕಾಲದ ಚಲಚ್ಚಿತ್ರದ ಸಾಮಾನ್ಯ ಫಿಲ್ಮು ಕೆಂಪನ್ನು ಕಾಣುತ್ತಿರಲಿಲ್ಲವಾದುದರಿಂದ, ಹರಿಶ್ಚಂದ್ರನ ತುಂಡುಗಳನ್ನು ಇಂದು ನೋಡುವವರು ಅದರಲ್ಲಿ ಕಪ್ಪಾಗಿರುವುದೆಲ್ಲ ಕಪ್ಪೆಂದು ತಿಳಿಯಬಾರದು. ಪಾಂಡವಲೇಣಿಯ ಬುಡದಲ್ಲಿರುವ ಫಾಲ್ಕೆ ಸ್ಮಾರಕಕ್ಕೆ ಹೋದಾಗಲೆಲ್ಲ ನಾನು ಈ ಮಾತನ್ನು ಜೊತೆಗಿದ್ದವರಿಗೆ ಹೇಳಿ ಬೇಸರಪಡಿಸುತ್ತೇನೆ.

ಇನ್ನು ಅಜಂತೆ. ೧೮೧೯ರ ಏಪ್ರಿಲಿನಲ್ಲಿ ಬೇಟೆಗೆ ಬಂದ ಜಾನ್ ಸ್ಮಿತನು ಗುಹೆಗಳನ್ನು ಕಂಡನು. ಫರ್ಗುಸನ್ನನ ಪ್ರಬಂಧದಿಂದ ಕುತೂಹಲ ಹೆಚ್ಚಿ, ೧೮೪೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮದರಾಸು ಸೈನ್ಯದ ರಾಬರ್ಟ್ ಗಿಲ್ಲನನ್ನು ಗೋಡೆಯ ಚಿತ್ರಗಳ ಪ್ರತಿಗಳನ್ನು ಬರೆಯಲು ನಿಯಮಿಸಿತು. ಗಿಲ್ಲನು ಇಪ್ಪತ್ತು ವರ್ಷಗಳಷ್ಟು ಕಾಲ ಆ ಕಣಿವೆಯನ್ನು ಬಿಡಲಿಲ್ಲ. ಅವನು ಬರೆದು ಕಳುಹಿಸಿದ ದೊಡ್ಡ ತೈಲಚಿತ್ರಗಳು ಲಂಡನ್ನಿನ ಸ್ಫಟಿಕ ಸೌಧದಲ್ಲಿ ಪ್ರದರ್ಶನಕ್ಕಿದ್ದಾಗ, ೧೮೬೬ರ ಡಿಸೆಂಬರಿನ ಬೆಂಕಿಯಲ್ಲಿ ಕೆಲವನ್ನುಳಿದು ಎಲ್ಲವೂ ಸುಟ್ಟವು. ಬಳಿಕ ೧೮೭೨ರಿಂದ ೧೮೮೫ರವರೆಗೆ ಮುಂಬಯಿಯ ಕಲಾಶಾಲೆಯ ಗ್ರಿಫಿತ್ಸನು ತನ್ನ ವಿದ್ಯಾರ್ಥಿಗಳೊಡನೆ ಮತ್ತೆ ಪ್ರತಿ ಮಾಡಿದನು. ಅವುಗಳಲ್ಲಿಯೂ ಹಲವು ೧೮೮೫ರಲ್ಲಿ ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಬೆಂಕಿಗೆ ತುತ್ತಾದವು. ಒಂದೇ ಗೋಡೆಯ ನೆರಳು ಎರಡು ಸಲ ಸುಟ್ಟಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಗಿಲ್ಲನು ೧೮೫೦ರ ದಶಕದಲ್ಲಿಯೇ ಛಾಯಾಚಿತ್ರಣವನ್ನು ಕಲಿತಿದ್ದನು. ಅಜಂತೆ ಎಲ್ಲೋರಗಳ ಅವನ ಛಾಯಾಚಿತ್ರಗಳು ಫರ್ಗುಸನ್ನನ ಬರಹದೊಡನೆ ೧೮೬೪ರಲ್ಲಿ ಲಂಡನ್ನಿನಲ್ಲಿ ಎರಡು ಪುಸ್ತಕಗಳಾಗಿ ಹೊರಬಂದವು. ಕೈಯಲ್ಲಿ ಕ್ಯಾಮರಾ ಇದ್ದೂ ಗೋಡೆಯ ಚಿತ್ರಗಳಿಗೆ ಅವನು ಕುಂಚವನ್ನೇ ನೆಚ್ಚಿದ್ದೇಕೆ? ಆ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಕಂಬ, ದ್ವಾರ, ಚೈತ್ಯದ ಕಮಾನು, ಶಿಲ್ಪ. ಗುಹೆಯೊಳಗಿನ ಕತ್ತಲೆಯೊಂದೇ ಕಾರಣವೆಂದರೆ ಸಾಲದು. ಕತ್ತಲೆಯಲ್ಲಿರುವ ಕಂಬಗಳನ್ನೂ ಅವನು ತೆಗೆದಿದ್ದಾನೆ. ಅಜಂತೆಯ ವರ್ಣಗಳನ್ನು ನೆನೆಯಿರಿ: ಕಾವಿಯ ಕೆಂಪು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಮಸಿ, ಸುಣ್ಣದ ಬಿಳುಪು, ಮತ್ತು ಕಡೆಯ ಕಾಲದ ಗುಹೆಗಳಲ್ಲಿ ಹೊರನಾಡಿನಿಂದ ಬಂದ ರಾಜಾವರ್ತದ ನೀಲಿ. ಇವುಗಳಲ್ಲಿ ಮುಖ್ಯವಾದ ಕಾವಿಯೇ ಅಂದಿನ ಫಲಕಕ್ಕೆ ಕಾಣದು. ಕಾವಿಯ ರೇಖೆಯಿಂದ ಬರೆದ ಕಣ್ಣು ತುಟಿಗಳು ಕಾವಿಮಿಶ್ರಿತ ಮೈಬಣ್ಣದಲ್ಲಿ ಕರಗಿ ಒಂದೇ ಕಪ್ಪು ಮುದ್ದೆಯಾಗುವವು. ಸಾಲದುದಕ್ಕೆ, ಗೋಡೆಗೆ ಬಳಿದ ವಾರ್ನಿಷು ಕಾಲಕ್ರಮದಲ್ಲಿ ಹಳದಿಗೆ ತಿರುಗಿತು. ಹಳದಿ ಪೊರೆಯು ನೀಲಿ ಬೆಳಕನ್ನೇ ನುಂಗುವುದರಿಂದ, ನೀಲಿಯೊಂದನ್ನೇ ಕಾಣುವ ಫಲಕಕ್ಕೆ ಗೋಡೆಯು ಇನ್ನಷ್ಟು ಕತ್ತಲಾಗಿರಬೇಕು. ಚಿತ್ರಕಾರನಾದ ಗಿಲ್ಲನಿಗೆ ಒಂದೆರಡು ಪ್ರಯತ್ನಗಳಲ್ಲಿಯೇ ಇದು ತಿಳಿದಿರಬೇಕೆಂದು ನನ್ನ ಊಹೆ.

ಈ ಕಾರಣದಿಂದ ಅಜಂತೆಯ ಚಿತ್ರಗಳ ಮೇಲಿನ ಮೊದಲ ಚರ್ಚೆಗಳೆಲ್ಲ ಕೈಬರಹದ ಪ್ರತಿಗಳನ್ನು ಆಧರಿಸಿದವು. ಪುಲಕೇಶಿಯ ಪ್ರಶ್ನೆ ಎದ್ದುದೂ ಹಾಗೆಯೇ. ಮೊದಲನೆಯ ಗುಹೆಯಲ್ಲಿ ರಾಜನೊಬ್ಬನು ಆಸ್ಥಾನದಲ್ಲಿ ಕುಳಿತಿರಲು, ಚೂಪು ಟೊಪ್ಪಿಗೆಯ, ಗಡ್ಡದ, ಬಿಳಿಯ ಮೈಬಣ್ಣದ ಪರದೇಶೀಯರು ಕಾಣಿಕೆಗಳೊಡನೆ ಬರುವ ದೃಶ್ಯವಿದೆ. ಪಾರಸೀಕ ದೊರೆ ಎರಡನೆಯ ಖುಸ್ರುವಿಗೂ ಭಾರತದ ಅರಸನೊಬ್ಬನಿಗೂ ರಾಯಭಾರ ನಡೆದುದನ್ನು ಅರಬ್ಬೀ ಇತಿಹಾಸಕಾರ ತಬರಿಯು ಹೇಳಿದ್ದಾನೆ. ಆ ಅರಸನೇ ವಾತಾಪಿಯ ಇಮ್ಮಡಿ ಪುಲಕೇಶಿ, ಗುಹೆಯಲ್ಲಿರುವುದು ಆ ರಾಯಭಾರದ ಚಿತ್ರ ಎಂದು ೧೮೭೯ರಲ್ಲಿ ಫರ್ಗುಸನ್ನನು ವಾದಿಸಿದನು. ಅಂದಿನಿಂದ ನಮ್ಮ ಪಾಠಪುಸ್ತಕಗಳಲ್ಲಿ, ರಾಜ್ಯೋತ್ಸವದ ಭಾಷಣಗಳಲ್ಲಿ, ಕ್ಯಾಲೆಂಡರುಗಳಲ್ಲಿ ಅದು ಪುಲಕೇಶಿಯೇ ಆಯಿತು. ನಾನೂ ಎರಡು ಭಾಷಣಗಳಲ್ಲಿ ಹಾಗೆಂದು ಹೇಳಿ ಚಪ್ಪಾಳೆ ಪಡೆದವನು.

ಆದರೆ ಪುಲಕೇಶಿಯ ಆಳಿಕೆ ಸು. ೬೧೦ರಿಂದ ೬೪೨ರವರೆಗೆ. ಮೊದಲನೆಯ ಗುಹೆಯನ್ನು ವಾಕಾಟಕ ಹರಿಷೇಣನ ಕಾಲದ್ದು, ಎಂದರೆ ಐದನೆಯ ಶತಮಾನದ ಉತ್ತರಾರ್ಧದ್ದು ಎಂದು ವಾಲ್ಟರ್ ಸ್ಪಿಂಕರು ಜೀವಮಾನವೆಲ್ಲ ಸಾಧಿಸಿದರು. ಅವರ ಕಾಲಗಣನೆಯ ವಿವರಗಳಲ್ಲಿ ಭಿನ್ನಾಭಿಪ್ರಾಯವಿದ್ದರೂ ಗುಹೆಯು ಪುಲಕೇಶಿಗಿಂತ ಹಿಂದಿನದೆಂಬುದನ್ನು ಇಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಆ ದೃಶ್ಯವನ್ನು ಬೌದ್ಧ ಕಥೆಯೊಂದರ ಭಾಗವಾಗಿ ಓದುವವರೂ ಇದ್ದಾರೆ. ಇದನ್ನು ನಮ್ಮ ಸಂಘದಲ್ಲಿ ಹೇಳಿದಾಗ ಹಿರಿಯರೊಬ್ಬರು ನೊಂದು, “ನಮ್ಮವನನ್ನು ನೀವೇ ಕಳೆದಿರಲ್ಲ, ರಾಯರೇ” ಎಂದರು. ನನಗೂ ಸುಖವೆನಿಸಲಿಲ್ಲ. ಕೆಲವೇ ಗಾವುದ ದೂರದ ಎಲ್ಲೋರದಲ್ಲಿ ದಂತಿದುರ್ಗನ ಶಾಸನವೂ ಒಂದನೆಯ ಕೃಷ್ಣನ ಕೈಲಾಸವೂ ಇರುವಾಗ ನಮಗೆ ಬಡತನವೇನೂ ಇಲ್ಲವೆಂದು ಸಮಾಧಾನ ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಹಿರಿಯರ ಆಕ್ಷೇಪಣೆಯಲ್ಲಿ ಒಂದು ಅಂಶ ಮಾತ್ರ ನನ್ನನ್ನು ಕಾಡಿತು. ತಮ್ಮ ಬಳಿಯಿದ್ದ ಹಳೆಯ ಪುಸ್ತಕದ ಕಪ್ಪುಬಿಳುಪು ಚಿತ್ರವನ್ನು ತಂದು, ಸಿಂಹಾಸನದ ದೊರೆಯ ಶ್ಯಾಮಲ ವರ್ಣವನ್ನೂ ಪರದೇಶೀಯರ ಬಿಳುಪನ್ನೂ ಬೆರಳಿಟ್ಟು ತೋರಿಸಿ, “ಇಷ್ಟು ಭೇದ ಕಣ್ಣಿಗೆ ಕಾಣುತ್ತಿರಲು ಇವರು ಪಾರಸೀಕರಲ್ಲವೆನ್ನುವುದು ಹೇಗೆ?” ಎಂದು ಕೇಳಿದ್ದರು. ಆ ಭೇದದಲ್ಲಿ ಚಿತ್ರಕಾರನ ಕುಂಚದ್ದೆಷ್ಟು, ಫಲಕದ್ದೆಷ್ಟು? ಅದನ್ನು ಪರೀಕ್ಷಿಸಿ ನೋಡಲು ಮನಸ್ಸಾಯಿತು.

ನಾಸಿಕದಲ್ಲಿ ನನಗೊಬ್ಬ ಮರಾಠಿ ಮಿತ್ರರಿದ್ದಾರೆ. ಹಳೆಯ ಕ್ಯಾಮರಾಗಳನ್ನು ಸಂಗ್ರಹಿಸಿ, ರಿಪೇರಿ ಮಾಡಿ, ಅವುಗಳಲ್ಲಿ ಸಿಕ್ಕ ಫಿಲ್ಮನ್ನೆಲ್ಲ ಹಾಕಿ ನೋಡುವುದು ಅವರ ಹವ್ಯಾಸ. ಅವರಲ್ಲಿ ಮಡಿಸುವ ಜರ್ಮನ್ ಕ್ಯಾಮರಾ ಒಂದು, ಮರದ ದೊಡ್ಡ ಕ್ಯಾಮರಾ ಒಂದು ಇವೆ. ಒಂದು ಹಲಗೆಗೆ ಸುಣ್ಣ ಬಳಿದು ಅದರ ಮೇಲೆ ಕಾವಿ, ಕುಂಕುಮ, ಅರಿಸಿನ, ಬಟ್ಟೆಗೆ ಹಾಕುವ ನೀಲಿ, ದೀಪದ ಮಸಿ ಇವುಗಳ ಪಟ್ಟೆಗಳನ್ನು ಎಳೆದೆವು. ಬಟ್ಟೆಯ ನೀಲಿಯೆಂದು ಹಗುರಾಗಿ ಎಣಿಸಬಾರದು. ಅದು ರಾಜಾವರ್ತದ ನೀಲಿಯನ್ನೇ ಕಾರ್ಖಾನೆಯಲ್ಲಿ ಮಾಡಿದ್ದು. ಅರಿಸಿನದ ಪಟ್ಟೆಯನ್ನು ಎಳೆದೊಡನೆ ಅದು ಕೆಂಪಾಗಿಬಿಟ್ಟಿತು. ಸುಣ್ಣಕ್ಕೆ ಅರಿಸಿನ ಸೇರಿದರೆ ಓಕುಳಿಯಾಗುವುದೆಂದು ಆರತಿಗೆ ಅಣಿಮಾಡುವ ನಮ್ಮ ಮನೆಯವರಿಗೆ ಗೊತ್ತಿತ್ತು. ಇಬ್ಬರು ಪದವೀಧರರಿಗೆ ಗೊತ್ತಿರಲಿಲ್ಲ. ಅದನ್ನು ಕೆರೆದು ಹಳದಿ ಮಣ್ಣನ್ನು ಹಚ್ಚಿದೆವು.

ಇಲ್ಫರ್ಡ್ ಸಂಸ್ಥೆಯವರು ೨೦೧೯ರಿಂದ ಆರ್ಥೊಕ್ರೊಮ್ಯಾಟಿಕ್ ಫಿಲ್ಮನ್ನು ಸುರುಳಿಯ ರೂಪದಲ್ಲಿಯೂ ಮಾರುತ್ತಿದ್ದಾರೆ. ಮಡಿಸುವ ಕ್ಯಾಮರಾದಲ್ಲಿ ಅದನ್ನೊಮ್ಮೆ, ಸಾಧಾರಣ ಪ್ಯಾಂಕ್ರೊಮ್ಯಾಟಿಕ್ ಫಿಲ್ಮನ್ನೊಮ್ಮೆ, ಅದೇ ಫಿಲ್ಮಿಗೆ ಗಾಢ ನೀಲಿ ಗಾಜನ್ನು ಅಡ್ಡ ಹಿಡಿದು ಮತ್ತೊಮ್ಮೆ ಹೀಗೆ ಮೂರು ಬಗೆಯಾಗಿ ಹಲಗೆಯನ್ನು ತೆಗೆದೆವು. ನೀಲಿ ಗಾಜು ಗಿಲ್ಲನ ಕಾಲದ ಫಲಕಕ್ಕೆ ಹತ್ತಿರದ ಅನುಕರಣೆ. ಪ್ಯಾಂಕ್ರೊಮ್ಯಾಟಿಕ್ಕಿನಲ್ಲಿ ಕಾವಿಯು ಬೂದುಬಣ್ಣವಾಗಿ, ಮಸಿಯಿಂದ ಸ್ಪಷ್ಟವಾಗಿ ಬೇರೆಯಾಗಿ ಬಂದಿತು. ಆರ್ಥೊಕ್ರೊಮ್ಯಾಟಿಕ್ಕಿನಲ್ಲಿ ಕಾವಿ, ಕುಂಕುಮ, ಮಸಿ ಮೂರೂ ಒಂದಾದವು. ನೀಲಿಯು ಸುಣ್ಣದ ಬಿಳುಪಿಗೆ ಸಮೀಪಿಸಿತು. ನೀಲಿ ಗಾಜಿನ ಚಿತ್ರದಲ್ಲಿ ಹಳದಿಯೂ ಕಪ್ಪಿನ ಕಡೆಗೆ ಸರಿಯಿತು.

ಆದುದರಿಂದ ಕೆಂಪು ಕಾಣದ ಫಲಕದಿಂದ ತೆಗೆದ ಚಿತ್ರವಾದರೆ ಕಾವಿ ಬೆರೆತ ಮೈಬಣ್ಣದ ದೊರೆ ಇದ್ದುದಕ್ಕಿಂತ ಬಹಳ ಕಪ್ಪಾಗುವನು, ಮಾಸಲು ಬಿಳಿಯ ಪರದೇಶೀಯರು ಅವನೆದುರು ಇನ್ನೂ ಬೆಳ್ಳಗೆ ತೋರುವರು, ಅವರ ಉಡುಪಿನ ನೀಲಿ ಬಿಳಿಯಾಗುವುದು. ಭೇದವು ಗೋಡೆಯಲ್ಲಿ ಇಲ್ಲವೆಂದಲ್ಲ, ಇದೆ. ಅದರ ಪ್ರಮಾಣವನ್ನು ಅಂಥ ಅಚ್ಚಿನಿಂದ ಅಳೆಯಬಾರದು. ಗುಲಾಮ್ ಯಜ್ದಾನಿಯವರು ಹೈದರಾಬಾದು ಸಂಸ್ಥಾನದ ಪರವಾಗಿ ೧೯೩೦ರಿಂದ ೧೯೫೫ರವರೆಗೆ ನಾಲ್ಕು ಭಾಗಗಳಲ್ಲಿ ಹೊರತಂದ ಅಜಂತೆಯ ಸಂಪುಟಗಳಲ್ಲಿ ಬಣ್ಣದ ಫಲಕಗಳನ್ನೂ ಸೇರಿಸಿದುದರ ಬೆಲೆ ನನಗೆ ಅಂದು ತಿಳಿಯಿತು. ೧೯೯೧-೯೨ರಲ್ಲಿ ಬಿನಯ್ ಬೆಹ್ಲರು ಗುಹೆಯ ಅತ್ಯಲ್ಪ ಬೆಳಕಿನಲ್ಲಿಯೇ ತೆಗೆದ ವರ್ಣಚಿತ್ರಗಳು ಆಮೇಲೆ ಇದನ್ನು ಇನ್ನೂ ಮುಂದಕ್ಕೆ ಒಯ್ದವು.

ಮಿತ್ರರ ಪ್ರಯೋಗ ಇಷ್ಟಕ್ಕೆ ನಿಲ್ಲಲಿಲ್ಲ. ತೆಗೆದ ನಿಮಿಷಗಳಲ್ಲಿಯೇ ಚಿತ್ರ ಕೊಡುವ ಫಿಲ್ಮನ್ನು ಎಡ್ವಿನ್ ಲ್ಯಾಂಡನು ೧೯೪೭ರಲ್ಲಿ ಪ್ರದರ್ಶಿಸಿ ಮರುವರ್ಷ ಮಾರಾಟಕ್ಕೆ ತಂದನು. ೨೦೦೮ರಲ್ಲಿ ಪೋಲರಾಯ್ಡ್ ಸಂಸ್ಥೆಯು ಅದರ ತಯಾರಿಕೆಯನ್ನು ನಿಲ್ಲಿಸಿದಾಗ, ನೆದರ್ಲೆಂಡ್ಸಿನ ಎನ್‌ಸ್ಕೆಡೆಯ ಕಾರ್ಖಾನೆಯನ್ನು ಕೆಲವರು ವಹಿಸಿಕೊಂಡು ರಾಸಾಯನಿಕಗಳನ್ನು ಹೊಸದಾಗಿ ಕಂಡುಹಿಡಿದು ಅದನ್ನು ಉಳಿಸಿದರು. ಅದರ ಹಾಳೆಗಳನ್ನು ನಮ್ಮ ಮಿತ್ರರು ಕತ್ತಲೆಯಲ್ಲಿ ಒಂದೊಂದಾಗಿ ಬಿಡಿಸಿ ಮರದ ಕ್ಯಾಮರಾದ ಫಲಕದ ಪೆಟ್ಟಿಗೆಗೆ ಸೇರಿಸಿ, ಚಿತ್ರ ತೆಗೆದು, ಮತ್ತೆ ಕತ್ತಲೆಯಲ್ಲಿ ಪೋಲರಾಯ್ಡ್ ಕ್ಯಾಮರಾಕ್ಕೆ ಹಾಕಿ ಅದರ ಉರುಳೆಗಳ ನಡುವೆ ಹಾಯಿಸುತ್ತಾರೆ. ಹಳೆಯ ಮಸೂರಕ್ಕೆ ಹೊಸ ಹಾಳೆಯ ಚುರುಕು ಹೊಂದದೆ ಮೊದಲ ಮೂರು ಚಿತ್ರಗಳು ಬರಿಯ ಬಿಳುಪಾದವು. ವೈಶಾಖದ ಬಿಸಿಲಿನಲ್ಲಿ ಉಳಿದವು ಹಳದಿಗೆ ತಿರುಗಿದವು. ಆದರೂ ಒಂದರಲ್ಲಿ ಕುಂಕುಮ ಕುಂಕುಮವಾಗಿ ಬಂದಿತು. ವಿಚಿತ್ರವೆಂದರೆ, ಹಲಗೆಯ ಎಡಗಡೆಯಲ್ಲಿದ್ದ ಕಾವಿ ಚಿತ್ರದಲ್ಲಿ ಬಲಕ್ಕೆ ಬಂದಿತ್ತು. ಈ ಹಾಳೆಯು ಬೆಳಕು ಬಿದ್ದ ಮುಖದಲ್ಲಿಯೇ ಚಿತ್ರ ತೋರಿಸುವುದು. ಅದಕ್ಕೆಂದೇ ಮಾಡಿದ ಕ್ಯಾಮರಾದೊಳಗೆ ಕನ್ನಡಿಯಿಟ್ಟು ಎಡಬಲಗಳನ್ನು ಸರಿಪಡಿಸುತ್ತಾರೆ, ಮರದ ಕ್ಯಾಮರಾದಲ್ಲಿ ಆ ಕನ್ನಡಿಯಿಲ್ಲ. ಮೊಟ್ಟಮೊದಲಿನ ದಾಗೆರನ ಬೆಳ್ಳಿಯ ತಗಡುಗಳಲ್ಲಿಯೂ ಹೀಗೆಯೇ ಎಡಬಲ ಅದಲುಬದಲಾಗುತ್ತಿತ್ತು. ಗಾಜಿನ ನೆಗೆಟಿವ್ವನ್ನು ತಲೆಕೆಳಗು ಮುಖದಲ್ಲಿಟ್ಟು ಅಚ್ಚು ತೆಗೆದರೂ ಇದೇ ಆಗುತ್ತದೆ.

ಇದನ್ನು ಕಂಡು ನಾನು ನಗಲಾರದೆ ಹೋದೆ. ಕೆಲವು ವರ್ಷಗಳ ಹಿಂದೆ ಸಂಘದ ಸಭೆಯಲ್ಲಿ ಗೋದಾವರಿಯ ದಂಡೆಯ ಚಿಕ್ಕ ಗಣಪತಿಯೊಂದರ ಹಳೆಯ ಛಾಯಾಚಿತ್ರವನ್ನು ತೋರಿಸಿ, ಅದು ಬಲಮುರಿಯೆಂದೂ ಅದಕ್ಕೆ ಕಾರಣ ಇಂಥದೆಂದೂ ಪ್ರಬಂಧ ಓದಿದ್ದೆ. ಹಿಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಎದ್ದು, “ಸೊಂಡಿಲು ಎಡಕ್ಕದೆಯಪ್ಪ, ನಾ ಪ್ರತಿ ಸಂಕಷ್ಟಿಗೆ ಹೋಗ್ತೀನಿ” ಎಂದರು. ಛಾಯಾಚಿತ್ರಕ್ಕಿಂತ ಪ್ರಮಾಣ ಬೇಕೆ ಎಂದು ನಾನು ಅವರನ್ನು ಕೂರಿಸಿದೆ. ಮರುದಿನ ಹೋಗಿ ನೋಡಿದರೆ ಎಡಮುರಿಯೇ. ಅಚ್ಚಿನ ಒಂದು ಮೂಲೆಯಲ್ಲಿ ಗೋಡೆಯ ಮೇಲಿನ ಬಾಳಬೋಧ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ಪ್ರಬಂಧದ ಎರಡು ಪುಟಗಳು ಹೋದವು. ಆ ತಾಯಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡಾಗ ಅವರು ಮೋದಕ ಕೊಟ್ಟರು.

ಹಲಗೆಯ ಚಿತ್ರಗಳನ್ನು ಸೋದರತ್ತೆಗೆ ಕಳುಹಿಸಿ, ಅಜ್ಜಿಯ ಹಣೆಯ ಮೇಲಿದ್ದುದು ಕೆಂಪು ಕುಂಕುಮವೇ ಎಂದು ಬರೆದೆ. ಅದು ತಮಗೆ ಮೊದಲೇ ಗೊತ್ತಿತ್ತು, ಸೀರೆಯ ಮಾತೇನು ಎಂದು ಅವರು ಕೇಳಿದ್ದಾರೆ. ಕೆಂಪೂ ಕಪ್ಪೂ ಆ ಫಲಕದ ಮೇಲೆ ಒಂದೇ ಆದುದರಿಂದ ಚಿತ್ರದಿಂದ ಹೇಳುವಂತಿಲ್ಲ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಹಳೆಯ ಸೆರಗಿನ ತುಂಡೊಂದು ಇದ್ದಿತೆಂದು ದೊಡ್ಡಪ್ಪನವರು ಹೇಳುತ್ತಾರೆ; ದೀಪಾವಳಿಗೆ ಊರಿಗೆ ಹೋದಾಗ ಹುಡುಕಿಸಬೇಕು.